ಕಾಂಪೌಂಡಿನಾಚೆಯ ಬೀದಿಗೆ ಕಾಲೇಜಿನಿಂದ ಏನು ಕೇಳಬಹುದು?

ಪ್ರಶ್ನೆ: ಹಾಸನದ ನಿವಾಸಿ

ನಮ್ಮ ಬಡಾವಣೆ ಕಾಲೇಜೊಂದರ ಹಿಂಬದಿಯ ಕಾಂಪೌಂಡಿಗೆ ಅಂಟಿಕೊಂಡಿದೆ. ಎದುರುಮನೆಯ ಬಾಗಿಲವಾಡದ ಮೇಲೆ ಕೆಂಪು, ನೀಲಿ, ಹಸಿರು ಬಣ್ಣಗಳಲ್ಲಿ ಮೂರು ಸಂಖ್ಯೆಗಳಿವೆ. ಮೂರು ಬೇರೆ ಬೇರೆ ವರ್ಷ ಸಮೀಕ್ಷೆಗೆ ಬಂದ ವಿದ್ಯಾರ್ಥಿಗಳು ಬರೆದುಹೋದವು. ಮನೆಯಲ್ಲಿ ಎಷ್ಟು ಜನ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮೂರು ಸಲವೂ ಕೇಳಿದರು, ನಾವು ಮೂರು ಸಲವೂ ಹೇಳಿದೆವು. ವರದಿಯನ್ನು ಒಮ್ಮೆಯೂ ಕಾಣಲಿಲ್ಲ. ಇತ್ತ ಮಳೆಗಾಲ ಹಿಡಿಯಿತೆಂದರೆ ಕೆಳಗಿನ ಎರಡು ಅಡ್ಡರಸ್ತೆಗಳಲ್ಲಿ ಚರಂಡಿ ನೀರು ಹೊಸ್ತಿಲು ಮುಟ್ಟುತ್ತದೆ.

ಹಾಸನದಲ್ಲಿ ವಿದ್ಯಾಸಂಸ್ಥೆಗಳಿಗೆ ಬರವಿಲ್ಲ. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ವೈದ್ಯಕೀಯ ಕಾಲೇಜು, ಕಾರೇಕೆರೆಯ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು, ಮೈಸೂರು ವಿಶ್ವವಿದ್ಯಾನಿಲಯದ ಕೇಂದ್ರವಾಗಿದ್ದು ಆಮೇಲೆ ಸ್ವತಂತ್ರ ವಿಶ್ವವಿದ್ಯಾಲಯವಾದ ಹೇಮಗಂಗೋತ್ರಿ, ಎಲ್ಲವೂ ಇವೆ. ನಮ್ಮಂಥ ನಿವಾಸಿಗಳ ಸಂಘವೊಂದು ನೆರೆಯ ಕಾಲೇಜಿನೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬಹುದೇ? ಯಾವ ಕೆಲಸವನ್ನು ಮುಂದಿಟ್ಟು ಕೇಳಬೇಕು?

ಉತ್ತರ 1: ಮಾಜಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿ

ಮೊದಲಿಗೆ ಒಂದು ತೊಡಕನ್ನು ಹೇಳಿಬಿಡುತ್ತೇನೆ. ಕಾಲೇಜನ್ನು ಸಮಾಜದ ಬಳಿಗೆ ಕಳಿಸಲು ಇರುವ ನಮ್ಮ ಯೋಜನೆಗಳೆಲ್ಲ ಬಹುಮಟ್ಟಿಗೆ ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಲ್ಲಿ ಸಂಸ್ಥೆಗಳು ದತ್ತು ತೆಗೆದುಕೊಳ್ಳುವುದು ಹಳ್ಳಿಗಳನ್ನು; ಎಂಬಿಬಿಎಸ್ ವಿದ್ಯಾರ್ಥಿಗಳ ಕುಟುಂಬ ದತ್ತು ಕಾರ್ಯಕ್ರಮದ ದೃಷ್ಟಿಯೂ ಹಳ್ಳಿಯ ಮೇಲೆಯೇ ಇದೆ. ಹೀಗಾಗಿ ಮೂವತ್ತು ಕಿಲೋಮೀಟರು ಬಸ್ಸಿನಲ್ಲಿ ಹೋಗಿ ಶಿಬಿರ ಹೂಡುವ ವಿದ್ಯಾರ್ಥಿ ಗೋಡೆಯ ಪಕ್ಕದ ಬೀದಿಗೆ ಕಾಲಿಡುವುದೇ ಇಲ್ಲ.

ಎನ್‌ಎಸ್‌ಎಸ್‌ನಲ್ಲಿ ಮಾತ್ರ ಕೊಂಚ ಅವಕಾಶವಿದೆ. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರ ಇದರಿಂದ ಬೇರೆ. ಹಳ್ಳಿಯಂತೆ ನಗರದ ಕೊಳೆಗೇರಿಯನ್ನೂ ದತ್ತು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಆದುದರಿಂದ ಶಿಬಿರವನ್ನು ಕೇಳಬೇಡಿ, ವರ್ಷವಿಡೀ ಹರಡಿಕೊಂಡಿರುವ ಆ ಗಂಟೆಗಳನ್ನು ಕೇಳಿ. ಶಿಬಿರದಲ್ಲಿ ಶ್ರಮದಾನ, ಸಮಾರೋಪ, ಗುಂಪು ಫೋಟೊ ಎಲ್ಲ ಮುಗಿದು, ಎಂಟನೆಯ ದಿನ ಚರಂಡಿಯ ಬಾಯಿಗೆ ಮತ್ತೆ ಪ್ಲಾಸ್ಟಿಕ್ ಬಂದು ಕೂರುತ್ತದೆ. ಅಂಥ ಶಿಬಿರಗಳನ್ನು ನಾನೂ ನಡೆಸಿದವನೇ.

ಉತ್ತರ 2: ಸಿವಿಲ್ ವಿಭಾಗದ ಉಪನ್ಯಾಸಕ

ಚರಂಡಿಯ ವಿಷಯವಾದರೆ ನಮ್ಮ ಪಠ್ಯದಲ್ಲೇ ದಾರಿಯಿದೆ. ಸಿವಿಲ್ ವಿದ್ಯಾರ್ಥಿಗಳು ಬಹಳ ಕಾಲದಿಂದ ಮಾಡುತ್ತ ಬಂದಿರುವ ಎಕ್ಸ್‌ಟೆನ್ಸಿವ್ ಸರ್ವೆ ಎಂಬ ಅಳತೆಯ ಶಿಬಿರದಲ್ಲಿ ಹೊಸ ಕೆರೆ, ಹಳೆಯ ಕೆರೆಯ ಪುನರುಜ್ಜೀವನ, ರಸ್ತೆ, ನೀರು ಸರಬರಾಜು ಮತ್ತು ಒಳಚರಂಡಿ ಎಂಬ ಭಾಗಗಳಿರುತ್ತವೆ. ಬಹಳ ಕಡೆ ಇದೆಲ್ಲ ಯಾವುದೋ ಗುಡ್ಡದ ಬಯಲಿನಲ್ಲಿ, ಎಂದೂ ಕಟ್ಟದ ಕೆರೆಗಾಗಿ ನಡೆಯುತ್ತದೆ. ಅಲ್ಲಿ ನೆಲದ ಏರುತಗ್ಗು ಅಳೆಯುವ ಆಟೋ ಲೆವೆಲ್ ಉಪಕರಣವನ್ನೇ ನಿಮ್ಮ ಅಡ್ಡರಸ್ತೆಯಲ್ಲಿ ನಿಲ್ಲಿಸಿ, ಹತ್ತು ಹತ್ತು ಮೀಟರಿಗೆ ಸ್ಟಾಫ್ ಎಂಬ ಅಳತೆಗೋಲು ಹಿಡಿದು ಚರಂಡಿಯ ತಳದ ಮಟ್ಟವನ್ನು ಬರೆದುಕೊಂಡರೆ, ಇಳಿಜಾರು ಎಲ್ಲಿ ತಿರುವುಮುರುವಾಗಿದೆ, ಯಾವ ಮೋರಿಯ ತಳ ಮೇಲೆದ್ದು ನೀರನ್ನು ತಡೆದಿದೆ ಎಂಬುದು ಒಂದು ವಾರದಲ್ಲಿ ಹಾಳೆಯ ಮೇಲೆ ಬಂದುಬಿಡುತ್ತದೆ.

ಹೂಳೆತ್ತಿದರೆ ಸಾಕೋ, ತಳವನ್ನೇ ಒಡೆದು ಮತ್ತೆ ಕಟ್ಟಬೇಕೋ ಎನ್ನುವುದು ಆ ಹಾಳೆಯಿಂದಲೇ ಗೊತ್ತಾಗಬೇಕು. ಹಾಳೆ ಕೈಯಲ್ಲಿದ್ದರೆ ನಗರಾಡಳಿತದ ಎಂಜಿನಿಯರಿಗೆ ನೀವು ಕೊಡುವ ಅರ್ಜಿಯ ತೂಕವೇ ಬೇರೆ. ಆದರೆ ವಿದ್ಯಾರ್ಥಿಗಳ ಅಳತೆಯೇ ಎಸ್ಟಿಮೇಟ್ ಆಗಲಾರದು. ಮಾರ್ಗದರ್ಶಕರು ಪರಿಶೀಲಿಸಿ ಸಹಿ ಮಾಡಿರಬೇಕು, ಇಲಾಖೆಯವರು ಮತ್ತೊಮ್ಮೆ ಅಳೆಯಲೇಬೇಕು.

ಉತ್ತರ 3: ನಗರ ಯೋಜನೆ ಓದಿದವಳು

ಲಿಖಿತ ಒಪ್ಪಂದದಲ್ಲಿ ಏನಿರಬೇಕೆಂಬುದಕ್ಕೆ ಅಮೆರಿಕದ ಈಸ್ಟ್ ಸೇಂಟ್ ಲೂಯಿಸ್ ಪಟ್ಟಣದ ಉದಾಹರಣೆ ನೋಡಬಹುದು. ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಆ ಊರಿಗೆ, ಇನ್ನೂರೈವತ್ತು ಕಿಲೋಮೀಟರಿಗೂ ದೂರದ ಇಲಿನಾಯ್ ವಿಶ್ವವಿದ್ಯಾಲಯ ಏನು ಮಾಡಿದೆ ಎಂದು ಅಲ್ಲಿನ ಶಾಸಕಿ ವೈವೆಟರ್ ಯಂಗ್ ಪಟ್ಟು ಹಿಡಿದ ಮೇಲೆ, 1987ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಅಧ್ಯಯನಗಳಿಂದ ಬೇಸತ್ತಿದ್ದ ಎಮರ್ಸನ್ ಪಾರ್ಕ್ ಬಡಾವಣೆಯವರು ಮುಂದೆ ತಾವೇ ಷರತ್ತು ಹಾಕಿದರು: ಯಾವ ಸಮಸ್ಯೆಯೆಂದು ನಿರ್ಧರಿಸುವವರು ನಾವು, ಪ್ರತಿ ಹಂತದಲ್ಲೂ ನಾವಿರಬೇಕು, ಒಂದು ಸೆಮಿಸ್ಟರಿಗೆ ಬಂದು ಹೋಗುವ ಬದಲು ಕನಿಷ್ಠ ಐದು ವರ್ಷ ನಿಲ್ಲಬೇಕು. ನಿಮ್ಮ ಕಾಗದದಲ್ಲಿ ಈ ಮೂರಿದ್ದರೆ ಉಳಿದದ್ದನ್ನು ಆಮೇಲೆ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಪ್ರಾಂಶುಪಾಲರು ವರ್ಗವಾದರೆ ಒಪ್ಪಂದವೂ ವರ್ಗವಾಗಿಬಿಡುತ್ತದೆ, ಆದ್ದರಿಂದ ಅವಧಿಯನ್ನು ಅಂಕಿಯಲ್ಲೇ ಬರೆಸಿಕೊಳ್ಳಿ.

ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವು ಇಂಥ ಕೆಲಸಕ್ಕೆಂದೇ 1992ರಲ್ಲಿ ಒಂದು ಕೇಂದ್ರ ತೆರೆದು, ನೆರೆಯ ಶಾಲೆಗಳೊಡನೆ ಪಠ್ಯವನ್ನೇ ಬೆಸೆಯಿತು. ಆದರೆ ಅದೇ ವಿಶ್ವವಿದ್ಯಾಲಯದ ಬೆಂಬಲದಿಂದ 2001ರಲ್ಲಿ ಒಳ್ಳೆಯ ಶಾಲೆಯೊಂದು ತೆರೆದಾಗ ಸುತ್ತಲಿನ ಮನೆಗಳ ಬೆಲೆ ಏರಿತೆಂಬುದನ್ನೂ ಮರೆಯಬಾರದು.

ಉತ್ತರ 4: ಚಿಕ್ಕಮಗಳೂರಿನ ಗೃಹಿಣಿ

ಮೇಡಂ ಹೇಳಿದ ಬೆಲೆಯ ಮಾತು ಇಲ್ಲಿಗೂ ಸಲ್ಲುತ್ತದೆ. ನಮ್ಮ ಓಣಿಯಲ್ಲಿ ಪಿಜಿಗಳಾದ ಮೇಲೆ ಸಂಸಾರಸ್ಥರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಗಿದೆ. ನಿಮ್ಮ ಚರಂಡಿಯ ವಿಷಯದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ನನಗಿದೆ: ಕಾಲೇಜಿನ ಹಾಸ್ಟೆಲ್ಲಿನ, ಅಂಗಳದ, ಛಾವಣಿಗಳ ನೀರು ಎಲ್ಲಿಗೆ ಹೋಗುತ್ತದೆ? ಅದೂ ನಿಮ್ಮ ಅಡ್ಡರಸ್ತೆಗೇ ಇಳಿಯುತ್ತಿದ್ದರೆ ಕಾಲೇಜು ನಿಮಗೆ ಉಪಕಾರ ಮಾಡುವ ಪ್ರಶ್ನೆಯೇ ಬರುವುದಿಲ್ಲ, ತನ್ನ ಪಾಲಿನ ಹೊಣೆಯನ್ನು ಹೊರಬೇಕಾಗುತ್ತದೆ. ಇನ್ನೊಂದು, ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ. ಆ ಹೊತ್ತಿಗೆ ಹೊಸ್ತಿಲ ನೀರು ಬಳಿಯುವ ಹೆಂಗಸರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಚಿಕ್ಕಮಗಳೂರಿನ ಅಕ್ಕನವರ ಪ್ರಶ್ನೆ ಓದಿ ಇಂದು ಸಂಜೆ ಹಿಂಬದಿಯ ಗೋಡೆಯುದ್ದಕ್ಕೂ ನಡೆದು ಬಂದೆ. ಗೋಡೆಯ ಬುಡದಲ್ಲಿ ಒಂದೊಂದು ಗೇಣು ಅಗಲದ ನಾಲ್ಕು ಕಿಂಡಿಗಳಿವೆ, ನಾಲ್ಕರ ಬಾಯಿಯೂ ನಮ್ಮ ಕಡೆಗೇ ಇದೆ. ಭಾನುವಾರ ಸಂಜೆ ಆರಕ್ಕೆ ಸಂಘದ ಸಭೆ ಕರೆಯುತ್ತಿದ್ದೇನೆ. ಪ್ರಾಂಶುಪಾಲರಿಗೆ ಬರೆಯುವ ಪತ್ರದಲ್ಲಿ ಮೊದಲು ಕೇಳುವುದು ಚರಂಡಿಯ ಲೆವೆಲ್ಲನ್ನು, ಕಾಂಪೌಂಡಿನ ಒಳಗಿನಿಂದಲೇ ಹಿಡಿದು. ಆ ಮೂರು ಸಮೀಕ್ಷೆಗಳ ಪ್ರತಿಯನ್ನೂ ಅದರಲ್ಲೇ ಕೇಳುತ್ತೇವೆ.