ಅಜ್ಜನ ಪೆಟ್ಟಿಗೆಯ ಉಳಿ, ಕೀಸುಳಿ, ಕೈ ಡ್ರಿಲ್: ಜಿಡ್ಡು ತೆಗೆಯುವುದು ಹೇಗೆ?

ಪ್ರಶ್ನೆ (ಕುಮಟಾ): ಆಚಾರ್ರೇ, ನಮಸ್ಕಾರ. ಅಜ್ಜನ ಮರಗೆಲಸದ ಪೆಟ್ಟಿಗೆ ಸಿಕ್ಕಿದೆ. ನಾಲ್ಕು ಉಳಿ, ಒಂದು ಮರದ ಕೀಸುಳಿ, ಹಿಡಿ ತಿರುಗಿಸುವ ಕೈ ಡ್ರಿಲ್ ಇವೆ. ಮೊದಲೆಲ್ಲ ಒಲೆಯ ಮೇಲಿನ ಅಟ್ಟದಲ್ಲಿತ್ತು. ಮನೆ ರಿಪೇರಿ ಮಾಡಿದಾಗ ಕೊಟ್ಟಿಗೆಗೆ ಹೋಯಿತು, ಒಂದು ಮಳೆಗಾಲ ಅಲ್ಲೇ ಕಳೆಯಿತು. ಈಗ ಎಲ್ಲದಕ್ಕೂ ಕಪ್ಪು ಜಿಡ್ಡು, ಅಲ್ಲಲ್ಲಿ ಕೆಂಪು ತುಕ್ಕು. ಡ್ರಿಲ್ ತಿರುಗುವುದೇ ಇಲ್ಲ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿಬಿಡಲಾ?

ಉತ್ತರ (ಶಿರಸಿ): ದಯವಿಟ್ಟು ಬೇಡ. ಗ್ರೈಂಡರ್ ಹಿಡಿದರೆ ಉಳಿಯ ಮೂಲೆಗಳು ದುಂಡಾಗುತ್ತವೆ, ಕಂಪನಿಯ ಅಚ್ಚು ಅಳಿಸಿಹೋಗುತ್ತದೆ. ಬಾಯಿಯ, ಅಂದರೆ ಹರಿತವಾದ ಅಂಚಿನ, ಹತ್ತಿರ ಬಿಸಿಯಾದರೆ ಇನ್ನೂ ಕಷ್ಟ. ಸುಮಾರು 300 ಡಿಗ್ರಿಗೆ ಉಕ್ಕು ನೀಲಿ ಬಣ್ಣಕ್ಕೆ ತಿರುಗುತ್ತದೆ. ಹಾಗಾದ ಉಳಿ ಮೆತ್ತಗಾಯಿತು ಅಂತಲೇ ಲೆಕ್ಕ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಆ ಕಪ್ಪು ಜಿಡ್ಡಿನ ಮೇಲೆ ಸಿಟ್ಟು ಬೇಡ. ಹಳೆ ಎಣ್ಣೆಗೆ ಒಲೆಯ ಹೊಗೆ ಕೂತು ಆದ ಪದರ ಅದು. ನಮ್ಮ ಕಡೆ ಮಳೆಗಾಲದಲ್ಲಿ ಮನೆಯೊಳಗೆ ಒಣಗಿದ ಜಾಗ ಅಂದರೆ ಒಲೆ ಮೇಲಿನ ಅಟ್ಟವೇ ಅಲ್ವಾ? ಅಜ್ಜ ಸುಮ್ನೆ ಅಲ್ಲಿಟ್ಟಿರಲಿಲ್ಲ. ಸರಿಯಾಗಿ ನೋಡಿ, ಜಿಡ್ಡು ಕೆದರಿದ ಕಡೆಯೇ ತುಕ್ಕು ಜಾಸ್ತಿ ಇರುತ್ತದೆ.

ಮೊದಲು ಡ್ರಿಲ್. ಜೋರು ಮಾಡಿ ತಿರುಗಿಸಬೇಡಿ, ಗೇರಿನ ಹಲ್ಲು ಬೀಡುಕಬ್ಬಿಣದ್ದಾದರೆ ಮುರಿಯುತ್ತದೆ. ಗೇರಿಗೆ, ಅಕ್ಷಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಡಿ, ಒಲೆ ದೀಪದಿಂದ ದೂರ. ಬೆಳಿಗ್ಗೆ ಬಿದಿರಿನ ಸಣ್ಣ ಕಡ್ಡಿ ಸೀಳಿಕೊಂಡು ಒಂದೊಂದೇ ಹಲ್ಲಿನ ಸಂದಿ ಕೆರೆಯಿರಿ. ಮರದ ಪುಡಿ, ಗ್ರೀಸ್ ಸೇರಿ ಗಟ್ಟಿಯಾದದ್ದು ಬೆಲ್ಲದ ಪಾಕದ ಉಂಡೆಯ ಹಾಗೆ ಕಳಚಿ ಬರುತ್ತದೆ. ಹಿಡಿಯನ್ನು ಒಂದು ಹಲ್ಲಿನಷ್ಟು ಮುಂದೆ, ಒಂದು ಹಲ್ಲಿನಷ್ಟು ಹಿಂದೆ ಅಲ್ಲಾಡಿಸುತ್ತಾ ಹೋಗಿ. ಬಿಟ್ಟುಕೊಂಡ ಮೇಲೆ ತೆಳು ಮೆಷಿನ್ ಆಯಿಲ್ ಒಂದೆರಡು ಹನಿ ಸಾಕು. ಮತ್ತೆ ಗ್ರೀಸ್ ಹಚ್ಚಿದರೆ ಪುಡಿಯೆಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ. ಚಕ್ (ಡ್ರಿಲ್ಲಿನ ಕೊರೆಯುವ ಕಡ್ಡಿಯನ್ನು ಕಚ್ಚಿ ಹಿಡಿಯುವ ಭಾಗ) ಬಿಚ್ಚುವುದಾದರೆ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಒಳಗಿನ ಸ್ಪ್ರಿಂಗ್ ಬಹಳ ಚಿಕ್ಕವು, ಹಾರಿದರೆ ಸಿಗುವುದಿಲ್ಲ.

ಹಳೆ ಬಣ್ಣ ಇದ್ದರೆ ಒಣಗಿದ ಹಾಗೇ ಉಜ್ಜಬೇಡಿ. ಸೀಸ ಇರಬಹುದು, ಧೂಳು ಮೂಗಿಗೆ ಹೋಗುತ್ತದೆ.

ಪ್ರಶ್ನೆ (ಕುಮಟಾ): ಡ್ರಿಲ್ ತಿರುಗಿತು! ಅಮ್ಮ ಉಳಿಗಳನ್ನು ಹುಣಸೆಹುಳಿಯಲ್ಲಿ ನೆನೆಸಿಡು ಅಂತಾರೆ. ಆಗುತ್ತದಾ?

ಉತ್ತರ: ಅಮ್ಮ ಹೇಳಿದ್ದು ಸರಿ, ಹುಳಿ ತುಕ್ಕನ್ನು ಕರಗಿಸುತ್ತದೆ. ನಾನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬಳಸುತ್ತೇನೆ, ಒಂದು ಲೀಟರ್ ನೀರಿಗೆ 50 ಗ್ರಾಂ. ಮೊದಲು ಜಿಡ್ಡನ್ನು ಸೋಪು ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಹುಳಿ ಒಳಗೆ ಇಳಿಯುವುದಿಲ್ಲ. ಮರದ ಹಿಡಿ ನೀರಿಗೆ ತಾಗಬಾರದು, ಕಬ್ಬಿಣದ ಭಾಗ ಮಾತ್ರ ಮುಳುಗಲಿ. ಅರ್ಧ ಗಂಟೆಗೊಮ್ಮೆ ತೆಗೆದು ತೆಂಗಿನ ನಾರಿನಿಂದ ಉಜ್ಜಿ ನೋಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೆಲಸ ಕಲಿಯುವಾಗ ಒಬ್ಬರ ಉಳಿಯನ್ನು ಹುಳಿಯಲ್ಲಿ ಹಾಕಿ ಮರೆತು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಬಾಯಿಯ ತುಂಬ ಸಿಡುಬಿನ ಕಲೆಯಂಥ ಗುಳಿ. ಅವರ ತಂದೆಯ ಉಳಿ ಅದು. ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ.

ತೆಗೆದ ಕೂಡಲೇ ಅಡುಗೆ ಸೋಡಾ ನೀರಲ್ಲಿ ಅದ್ದಿ, ತೊಳೆದು, ಬಿಸಿಲಲ್ಲಿ ಬಿಸಿಯಾಗುವ ತನಕ ಒಣಗಿಸಿ, ಎಣ್ಣೆ ಸವರಿ. ತಡಮಾಡಿದರೆ ಕಣ್ಣೆದುರೇ ಕೆಂಪು ಹತ್ತುತ್ತದೆ. ಹಿಡಿಗಳಿಗೆ ಅಗಸೆ ಎಣ್ಣೆ ತೆಳ್ಳಗೆ ಉಜ್ಜಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ.

ಪ್ರಶ್ನೆ (ಕಾರವಾರ): ನಮ್ಮ ಮನೆ ಸಮುದ್ರದ ಹತ್ತಿರ. ತೆಂಗಿನೆಣ್ಣೆ ಹಚ್ಚಿಟ್ಟರೂ ತುಕ್ಕು ಬರುತ್ತದೆ, ಯಾಕೆ?

ಉತ್ತರ: ಉಪ್ಪಿನ ಗಾಳಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣದ ಮೇಲೇ ಕೂರುತ್ತದೆ. ಅದಕ್ಕೆ ಎಣ್ಣೆ ಹಚ್ಚುವ ಮೊದಲು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ತೆಂಗಿನೆಣ್ಣೆ ಕಮಟು ಹಿಡಿದರೆ ಅದೇ ಹುಳಿಯಾಗುತ್ತದೆ, ಮೆಷಿನ್ ಆಯಿಲ್ ಮೇಲು. ಚಿರೆಕಲ್ಲಿನ ಗೋಡೆಗೆ ನೇತುಹಾಕಬೇಡಿ, ಮಳೆಗಾಲದಲ್ಲಿ ಅದು ಬೆವರುತ್ತದೆ. ಮರದ ಪೆಟ್ಟಿಗೆಯಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ 15 ದಿನಕ್ಕೊಮ್ಮೆ ತೆಗೆದು ನೋಡಿ.

ಪ್ರಶ್ನೆ (ಕುಮಟಾ): ಕೀಸುಳಿಯ ಅಲಗನ್ನು ಸಾಣೆಕಲ್ಲಿಗೆ ಹಿಡಿದೆ. ಮಸೆದ ಇಳಿಜಾರಿನಲ್ಲಿ ಎರಡು ಬಣ್ಣ ಕಾಣುತ್ತಿದೆ, ನಡುವೆ ಸಣ್ಣ ಗೆರೆ. ಬಿರುಕು ಬಿಟ್ಟಿತಾ?

ಉತ್ತರ: ಓದಿ ಖುಷಿಯಾಯಿತು, ಬಿರುಕಲ್ಲ ಅದು. ಹಳೆ ಮರದ ಕೀಸುಳಿಗಳ ಅಲಗು ಮೆತ್ತಗಿನ ಕಬ್ಬಿಣದ್ದು. ಕಮ್ಮಾರರು ಅದರ ಬಾಯಿಯ ಕಡೆ ಮಾತ್ರ ಗಟ್ಟಿ ಉಕ್ಕಿನ ತೆಳು ಹಾಳೆ ಬೆಸೆಯುತ್ತಿದ್ದರು. ನಿಮಗೆ ಕಂಡದ್ದು ಆ ಬೆಸುಗೆ. ಹೊಳೆಯುವ ಪಟ್ಟಿ ಉಕ್ಕು, ಮಂಕಾದದ್ದು ಕಬ್ಬಿಣ. ಚಪ್ಪಟೆ ಬೆನ್ನಿನ ಕಡೆ ತಿರುಗಿಸಿ ಸ್ವಲ್ಪ ಉಜ್ಜಿ, ಆ ಹಾಳೆ ಮೇಲೆ ಎಲ್ಲಿಯವರೆಗೆ ಹೋಗಿದೆ ಕಾಣುತ್ತದೆ. ಅಲ್ಲಿಯವರೆಗೂ ಅಲಗು ಬಾಳುತ್ತದೆ. ಎಷ್ಟು ಇಂಚು ಉಳಿದಿದೆ ಅಳೆದು ಹೇಳಿ.