ಸಹಾಯ ಬೇಕು: ಕಾಂಪೌಂಡ್ ಬಿಲ್ಲು ಬಿಟ್ಟು ಮತ್ತೆ ಬಿದಿರಿನ ಬಿಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಸಣ್ಣವನಿದ್ದಾಗ ಅಜ್ಜ ಮಾಡಿಕೊಟ್ಟ ಬಿದಿರಿನ ಬಿಲ್ಲಲ್ಲೇ ಕಲಿತಿದ್ದು, ಆಮೇಲೆ ಬೆಂಗಳೂರಲ್ಲಿ 11 ವರ್ಷ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ ಇರೋ ಆಧುನಿಕ ಬಿಲ್ಲು) ಹಿಡಿದೆ. ಈಗ ಊರಿಗೆ ಬಂದಿದ್ದೇನೆ, ಹಳೇ ಬಿಲ್ಲಿಗೇ ಮರಳಬೇಕು ಅಂತ ತುಂಬಾ ಆಸೆ. ಬೇಟೆಗಲ್ಲ, 1972ರ ವನ್ಯಜೀವಿ ಕಾಯ್ದೆ ಗೊತ್ತಲ್ವಾ, ಮನೆ ಹಿಂದೆ ಹುಲ್ಲಿನ ಕಂತೆಗೆ ಹೊಡೆಯೋದಷ್ಟೇ.

ಕಾಂಪೌಂಡಲ್ಲಿ ಪೂರ್ತಿ ಎಳೆದ ಮೇಲೆ ಗಾಲಿ ತಿರುಗಿ ಭಾರ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಇಳಿದುಬಿಡುತ್ತದೆ, ಆರಾಮಾಗಿ ಗುರಿ ಹಿಡಿಯಬಹುದು. ಬಿದಿರಲ್ಲಿ ಎಳೆದಷ್ಟೂ ಭಾರ ಜಾಸ್ತಿ. ಕೈ ನಡುಗುತ್ತದೆ, ಬಾಣ ಎಡಕ್ಕೆ ಹೋಗುತ್ತದೆ. ಕಾಂಪೌಂಡಲ್ಲಿ ಹೆದೆ ಬಿಡಿಸೋ ರಿಲೀಸ್ ಬಟನ್ ಒತ್ತಿ ಒತ್ತಿ ಬೆರಳುಗಳು ಹೆದೆ ಬಿಡೋದನ್ನೇ ಮರೆತಿವೆ. ಇಂಡಿಯನ್ ರೌಂಡಲ್ಲಿ (ಬಿದಿರಿನ ಬಿಲ್ಲಿನ ಸ್ಪರ್ಧೆ) 30, 50 ಮೀಟರ್ ಹೊಡೆಯುತ್ತಾರೆ, ನಾನು 10 ಮೀಟರಿಂದ ಶುರು ಮಾಡಲಾ?

ಇನ್ನೊಂದು ವಿಷಯ, ಬಿದಿರು ಹದ ಮಾಡೋದು. ಅಜ್ಜ ಕಡಿದ ಬಿದಿರನ್ನು ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು, ಕಂದು ಬಣ್ಣ ಬಂದು ಮುಟ್ಟಿದರೆ ನುಣ್ಣಗೆ ಇರುತ್ತಿತ್ತು. ಈಗ ಮನೆಯಲ್ಲಿ ಗ್ಯಾಸ್ ಒಂದೇ, ನಮ್ಮ ಮಳೆಗೆ ಸುಮ್ನೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಹೊಗೆ ಇಲ್ಲದೆ ಹೇಗೆ ಒಣಗಿಸೋದು? ಯಾವ ಎಣ್ಣೆ ಹಚ್ಚಬೇಕು? ಯಲ್ಲಾಪುರ, ಸಿದ್ದಾಪುರ ಕಡೆ ಬಿಲ್ಲು ಮಾಡೋ ಹಿರಿಯರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ, ಬೈಕ್ ಹತ್ತಿ ಬಂದು ಪಕ್ಕದಲ್ಲಿ ಕೂತು ಕಲಿಯುತ್ತೇನೆ.