ಡಾಂಬರಿಗೂ ಮಣ್ಣಿನ ದಾರಿಗೂ ಒಂದೇ ಬೈಕ್: ಯಾವುದನ್ನು ಕೊಳ್ಳಲಿ?

ಪ್ರಶ್ನೆ:
ಆರು ವರ್ಷಗಳಿಂದ 150 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಈಗ ಅಡ್ವೆಂಚರ್ ಬೈಕ್ ಕೊಳ್ಳಬೇಕೆಂದಿದ್ದೇನೆ. ವಾರದ ಐದು ದಿನ ಕಚೇರಿಗೆ. ರಜೆ ಸಿಕ್ಕರೆ ಮಣ್ಣು, ಜಲ್ಲಿ, ಹಳ್ಳ ದಾಟುವ ದಾರಿಗಳಿಗೆ, ಹೆಚ್ಚಾಗಿ ಒಬ್ಬನೇ. ಎತ್ತರ 166 ಸೆಂ.ಮೀ., ತೂಕ 62 ಕೆಜಿ. ಯಮಹಾ ಟೆನೆರೆ 700 ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಹತ್ತಿ ಕುಳಿತಾಗ ಕಾಲ್ಬೆರಳ ತುದಿಯಷ್ಟೇ ನೆಲಕ್ಕೆ ತಾಗಿತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಸುಜುಕಿ ವಿ-ಸ್ಟ್ರಾಮ್ 650 ಕೂಡ ನೋಡುತ್ತಿದ್ದೇನೆ.

ಮೊದಲ ಉತ್ತರ:
ಹೆದ್ದಾರಿಯೇ ಹೆಚ್ಚಾದರೆ ವಿ-ಸ್ಟ್ರಾಮ್ ತೆಗೆದುಕೊಳ್ಳಿ, ದಿನವಿಡೀ ಓಡಿಸಿದರೂ ಮೈ ನೋಯುವುದಿಲ್ಲ. ಮುಂದಿನ ಚಕ್ರ 19 ಇಂಚಿನದು, ಜಲ್ಲಿಗೆ ಸಾಕು. ಆದರೆ ಹಳ್ಳ, ಬಂಡೆಗಳಿಗೆ ಅದು ಬೇಡ. ಬೈಕಿನ ಹೊಟ್ಟೆ ನೆಲದಿಂದ 170 ಮಿ.ಮೀ. ಎತ್ತರವಷ್ಟೇ, ಆಯಿಲ್ ಫಿಲ್ಟರ್ ಎಂಜಿನ್ನಿನ ಮುಂದೆ ಕಲ್ಲೇಟಿಗೆ ಸಿಗುವಂತೆ ಕೂತಿದೆ.

ಎರಡನೆಯ ಉತ್ತರ:
ನೀವು ‘ಒಬ್ಬನೇ’ ಎಂದು ಬರೆದದ್ದರಿಂದ ನನ್ನ ಅನುಭವ ಹೇಳಲೇಬೇಕು. ನನ್ನದು ಮೊದಲು 230 ಕೆಜಿಯ ಬೈಕ್. ಮಳೆ ನಿಂತ ಒಂದು ಸಂಜೆ, ಟ್ರ್ಯಾಕ್ಟರ್ ಓಡಾಡಿ ಕೊರೆದ ಜಾಡಿನಲ್ಲಿ ಎಂಜಿನ್ ಆಫ್ ಆಯಿತು. ಬಲಗಾಲು ಊರಲು ಹೋದರೆ ಕೆಳಗೆ ನೆಲವೇ ಇರಲಿಲ್ಲ. ಬೈಕ್ ನಿಧಾನವಾಗಿ ವಾಲಿತು, ತಡೆಯಲು ಆಗಲಿಲ್ಲ. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಜಿನುಗುತ್ತಿತ್ತು. ಬಲಕ್ಕೆ ಬಿದ್ದಿದ್ದರಿಂದ ಸೈಡ್ ಸ್ಟ್ಯಾಂಡ್ ಮೊದಲೇ ತೆರೆದಿಟ್ಟೆ, ಉರುಳದಂತೆ ಮೊದಲನೆಯ ಗೇರಿಗೆ ಹಾಕಿದೆ. ಸೀಟಿಗೆ ಬೆನ್ನು ಕೊಟ್ಟು, ಒಂದು ಕೈ ಹ್ಯಾಂಡಲ್, ಇನ್ನೊಂದು ಕೈ ಹಿಂದಿನ ಕಂಬಿ ಹಿಡಿದು ಕಾಲಿನ ಬಲದಿಂದ ಹಿಮ್ಮುಖವಾಗಿ ತಳ್ಳಿದೆ. ಎರಡು ಸಲ ಬೂಟು ಜಾರಿತು. ಮೂರನೆಯ ಸಲ ಎದ್ದು ನಿಂತಾಗ ನನ್ನ ತೊಡೆಗಳು ನಡುಗುತ್ತಿದ್ದವು. ಮತ್ತೊಮ್ಮೆ ಬಿದ್ದಿದ್ದರೆ ಅದು ಅಲ್ಲೇ ಇರುತ್ತಿತ್ತು.

ಹಾಗಾಗಿ ಅಶ್ವಶಕ್ತಿ ಆಮೇಲೆ ನೋಡಿ. ಟೆನೆರೆ ಸುಮಾರು 205 ಕೆಜಿ, ಹಿಮಾಲಯನ್ 196. ಇದು ದೊಡ್ಡ ಅಂತರವಲ್ಲ. ಸೀಟಿನ ಎತ್ತರ ಮಾತ್ರ ಟೆನೆರೆಯಲ್ಲಿ 875 ಮಿ.ಮೀ., ಹಿಮಾಲಯನ್‌ನಲ್ಲಿ 825. ಮಣ್ಣಿನಲ್ಲಿ ಬೈಕ್ ಬೀಳುವುದು ಹೆಚ್ಚಾಗಿ ನಿಂತಾಗ, ತಿರುಗಿಸುವಾಗ. ಆಗ ಈ 50 ಮಿ.ಮೀ. ನಿಮ್ಮನ್ನು ಕಾಯುತ್ತದೆ. ಮುಂದೆ 21 ಇಂಚಿನ ಚಕ್ರ ಎರಡಕ್ಕೂ ಇದೆ. ಟೆನೆರೆ ಬಹಳ ಒಳ್ಳೆಯ ಬೈಕ್, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮತ ಹಿಮಾಲಯನ್‌ಗೆ. ಅದೂ ಭಾರವೆನಿಸಿದರೆ 160 ಕೆಜಿ ಆಸುಪಾಸಿನ ಹೀರೋ ಎಕ್ಸ್‌ಪಲ್ಸ್ 200 ಇದೆ. ಹೆದ್ದಾರಿಯಲ್ಲಿ ಅದು ಬಳಲುತ್ತದೆ, ಮಣ್ಣಿನಲ್ಲಿ ಹಗುರವಾಗಿ ಕುಣಿಯುತ್ತದೆ.

ಮೂರನೆಯ ಉತ್ತರ:
ಟೈರಿನ ಬಗ್ಗೆ ಒಂದು ಮಾತು. ಟ್ಯೂಬ್ ಇರುವ ಚಕ್ರವಾದರೆ ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಒಮ್ಮೆ ಕಲಿತು ಹೊರಡಿ. ಮಣ್ಣಿನ ದಾರಿಗೆ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಡಾಂಬರು ಸಿಕ್ಕೊಡನೆ ತುಂಬಿಸಲು ಕೈಪಂಪು ಜೊತೆಗಿರಲಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಗೆಳೆಯನ ಬಳಿ ಹಿಮಾಲಯನ್ ಇದೆ. ಭಾನುವಾರ ಅದನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಯಾರ ಸಹಾಯವೂ ಇಲ್ಲದೆ ಎತ್ತಿ ನೋಡುತ್ತೇನೆ. ಎತ್ತಲು ಆಗದಿದ್ದರೆ ಎಕ್ಸ್‌ಪಲ್ಸ್.